ಮೂವತ್ತೆಂಟನೇ ನಿಮಿಷ

ಬಾಯಿ ತೆರೆದು ಕೂತವರಿಗೆ ಪ್ರಶ್ನೆ ಕೇಳಲು ಬರುವುದಿಲ್ಲ ಎಂಬ ಸಣ್ಣ ಸತ್ಯ ಅತ್ತೆಗೆ ಹೊಳೆದದ್ದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿಕೊಂಡ ಮೇಲೆ.

ಇಲ್ಲದ ಹಲ್ಲುನೋವನ್ನು ನೆಪ ಮಾಡಿಕೊಂಡು ಬಂದಿದ್ದರು. ಶನಿವಾರ ಬೆಳಗ್ಗೆ ಎಲ್ಲಿದ್ದಿರಿ ಎಂದು ಕೇಳಬೇಕು, ಉತ್ತರ ಬರುವಾಗ ಡಾಕ್ಟರ ಮುಖ ಓದಬೇಕು ಎಂದುಕೊಂಡಿದ್ದರು. ಈಗ ನೋಡಿದರೆ ಬಾಯೊಳಗೆ ಪುಟ್ಟ ಕನ್ನಡಿ, ಕಣ್ಣಿಗೆ ದೀಪ, ಡಾಕ್ಟರ ಮುಖಕ್ಕೆ ಮಾಸ್ಕು. ಪತ್ತೇದಾರಿಕೆಗೆ ಇದಕ್ಕಿಂತ ಕೆಟ್ಟ ಜಾಗ ಭೂಮಿಯ ಮೇಲೆ ಇರಲಾರದು.

"ನೋವಿರೋದು ಯಾವುದು?" ಎಂದರು ಡಾಕ್ಟರು.

ಅತ್ತೆ ಬೆರಳಿಗೆ ಸಿಕ್ಕ ಹಲ್ಲನ್ನು ತೋರಿಸಿದರು. ಡಾಕ್ಟರು ಅದನ್ನು ಎರಡು ಸಲ ತಟ್ಟಿ, ಕನ್ನಡಿ ತೆಗೆದು, ಮಾಸ್ಕು ಕೆಳಗೆ ಎಳೆದುಕೊಂಡರು.

"ಇದು ನಾನೇ ಕೂರಿಸಿದ ಹಲ್ಲು, ಅತ್ತೆ. ಪಿಂಗಾಣಿ. ಪಿಂಗಾಣಿಗೆ ನೋವಾಗಲ್ಲ. ಎದ್ದು ಕೂತು ಏನು ಕೇಳ್ಬೇಕೋ ಕೇಳಿ."

ಕೇಳಬೇಕಾದ್ದು ಒಂದೇ ವಿಷಯ. ನಿನ್ನೆ ಭಾನುವಾರ ಮಧ್ಯಾಹ್ನ ‘ಲಿಫ್ಟ್ ಕೆಟ್ಟಿದೆ’ ಧಾರಾವಾಹಿಯ ಹದಿಮೂರನೇ ಕಂತಿನ ಡಬ್ಬ ತೆರೆದಾಗ ಒಳಗೆ ಬೇರೊಂದು ಟೇಪಿತ್ತು. ಹಾಕಿ ನೋಡಿದರೆ ಚಿತ್ರವೇ ಇಲ್ಲ, ಇರುವೆ ಮುತ್ತಿದಂಥ ಪರದೆ, ಎರಡು ನಿಮಿಷ ಕಾದರೂ ಅಷ್ಟೇ.

ನಲವತ್ತು ವರ್ಷದ ಹಿಂದೆ ಆ ಧಾರಾವಾಹಿ ಬರುವ ಸಂಜೆ ಬೀದಿಗಳು ಬಿಕೋ ಎನ್ನುತ್ತಿದ್ದವು. ಆರು ಮಹಡಿಯ ಹಳೇ ಕಟ್ಟಡ, ಎರಡು ಮಹಡಿಗಳ ನಡುವೆ ನಿಂತುಹೋದ ಲಿಫ್ಟು, ಅದರೊಳಗೊಂದು ಹೆಣ. ಹದಿಮೂರು ವಾರ ಊರಿಗೆ ಊರೇ ಉಸಿರು ಬಿಗಿಹಿಡಿದು ಕೂತಿತ್ತು. ಆಮೇಲೆ ಟಿ.ವಿ. ಕೇಂದ್ರದವರು ಟೇಪುಗಳನ್ನು ಅಳಿಸಿ ಬೇರೆ ಕಾರ್ಯಕ್ರಮಗಳಿಗೆ ಬಳಸಿಕೊಂಡರು. ಯಾರೋ ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡ ಕಂತುಗಳಷ್ಟೇ ಉಳಿದವು. ಹದಿಮೂರನೆಯದು ಉಳಿದದ್ದು ಒಂದೇ ಒಂದು ಕಡೆ, ಡ್ರಾಯಿಂಗ್ ಟೀಚರ ಮನೆಯಲ್ಲಿ.

ಗಡಿಯಾರ ರಿಪೇರಿ ಅಂಗಡಿಯ ಮಹಡಿ ಮೇಲೊಂದು ಕೋಣೆ. ಅಲ್ಲಿ ಅತ್ತೆ, ಡಾಕ್ಟರು, ಟೀಚರು, ಅಂಗಡಿಯ ಗಡಿಯಾರದವರು, ಈ ನಾಲ್ಕೇ ಜನರ ಸಂಘ ಹನ್ನೆರಡು ಭಾನುವಾರ ಹನ್ನೆರಡು ಕಂತು ನೋಡಿ ಮುಗಿಸಿತ್ತು. ಅತ್ತೆ ಯಾರಿಗೂ ಸ್ವಂತ ಅತ್ತೆಯಲ್ಲ, ಬೀದಿಗೆಲ್ಲ ಅತ್ತೆ. ಮೂವತ್ತೊಂದು ವರ್ಷ ಪ್ರೆಸ್ಸೊಂದರಲ್ಲಿ ಕರಡು ತಿದ್ದಿದವರು. ನಾಲ್ಕನೇ ಕಂತಿನಲ್ಲಿ ಇನ್‌ಸ್ಪೆಕ್ಟರ ಕೋಟಿನ ಮೂರನೇ ಗುಂಡಿ ಮಾಯವಾಗಿ, ಬಾಗಿಲು ದಾಟುವಷ್ಟರಲ್ಲಿ ಮತ್ತೆ ಹುಟ್ಟಿಕೊಳ್ಳುವುದನ್ನು ಹಿಡಿದವರು ಅವರೇ. ಹಿಡಿದು ಖುಷಿಪಟ್ಟರೇ ಹೊರತು ಬೈಯಲಿಲ್ಲ. ಒಂದಾದರೂ ತಪ್ಪಿಲ್ಲದ ಪುಸ್ತಕವನ್ನು ಯಾರೂ ಎರಡನೇ ಸಲ ಓದುವುದಿಲ್ಲ ಎಂಬುದು ಅವರ ನಂಬಿಕೆ.

ಡಾಕ್ಟರದು ಬೇರೆಯೇ ಹುಚ್ಚು. ಧಾರಾವಾಹಿ ಬಂದಾಗ ಅವರಿಗೆ ಹನ್ನೊಂದು ವರ್ಷ. ಮಾತುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದರು. ನಟ ಬಾಯಿ ತೆರೆಯುವ ಮುಂಚೆಯೇ ಇವರು ಹೇಳಿಬಿಡುತ್ತಿದ್ದುದರಿಂದ ಮೂರನೇ ವಾರದಿಂದ ಅವರ ಬಾಯಿಗೆ ಪೆಪ್ಪರಮೆಂಟು ಕೊಟ್ಟು ಕೂರಿಸಬೇಕಾಯಿತು. ಹಲ್ಲಿನ ಡಾಕ್ಟರಿಗೆ ಪೆಪ್ಪರಮೆಂಟು! ಅದಕ್ಕೇ ಅವರು ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡಿದ್ದರು.

ಈ ಡಾಕ್ಟರು ಹೋದ ವಾರ ಟೀಚರ ಹತ್ತಿರ ಹದಿಮೂರನೇ ಟೇಪನ್ನು ಒಂದು ದಿನದ ಮಟ್ಟಿಗೆ ಕೇಳಿದ್ದರು. ಟೀಚರು ಕೊಟ್ಟಿರಲಿಲ್ಲ. ಅತ್ತೆಯ ಅನುಮಾನಕ್ಕೆ ಅದೇ ಬೀಜ.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಟೇಪು ಬೇಕಿತ್ತು ನಿಜ, ಕೊನೆಯ ಮಾತು ತಾನು ನಲವತ್ತು ವರ್ಷದಿಂದ ಹೇಳಿಕೊಂಡು ಬಂದ ಹಾಗೆಯೇ ಇದೆಯೋ ಇಲ್ಲವೋ ಎಂಬ ಪುಕುಪುಕು ಇತ್ತು, ಎಲ್ಲರ ಮುಂದೆ ತಪ್ಪಾದರೆ ಮಾನ ಹೋಗುತ್ತದೆ ಎಂದು ಮೊದಲೇ ನೋಡಿಕೊಳ್ಳಲು ಕೇಳಿದ್ದು ಎಂದರು. ಶನಿವಾರದ ಪುಸ್ತಕವನ್ನೂ ತಿರುಗಿಸಿ ತೋರಿಸಿದರು. ಒಂಬತ್ತರಿಂದ ಒಂದರವರೆಗೆ ಹನ್ನೊಂದು ರೋಗಿಗಳು, ಎದುರಿಗೆ ಅವರವರ ಸಹಿ.

"ಕುಂಬಳಕಾಯಿ ಕಳ್ಳ ಅಂದ ತಕ್ಷಣ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ ನಾನು," ಎಂದರು. "ಬಂದಿದ್ದೀರಿ, ಹೇಗೂ ಹಲ್ಲು ಕ್ಲೀನ್ ಮಾಡಿಬಿಡ್ತೀನಿ, ಒರಗಿ."

ಹಲ್ಲು ಫಳಫಳ ಮಾಡಿಸಿಕೊಂಡು ಅತ್ತೆ ಗಡಿಯಾರದಂಗಡಿಗೆ ಬಂದರು.

ಗಡಿಯಾರದವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಒಂದು ಕೈಗಡಿಯಾರದ ಹೊಟ್ಟೆ ಬಗೆದು ಕೂತಿದ್ದರು. ಅರವತ್ತು ದಾಟಿದ ಸಣಕಲು ಮನುಷ್ಯ. ಅಂಗಡಿಯ ಹಿಂದೆಯೇ ಮನೆ, ಒಬ್ಬರೇ ವಾಸ. ಮಾತು ಕಮ್ಮಿ. ಧಾರಾವಾಹಿ ನೋಡುವಾಗಲೂ ಹಿಂದಿನ ಕುರ್ಚಿಯಲ್ಲಿ ಕೂತು, ದೃಶ್ಯದಲ್ಲಿರುವ ಗೋಡೆ ಗಡಿಯಾರ ಎಷ್ಟು ನಿಮಿಷ ಹಿಂದಿದೆ ಎಂದು ಹೇಳಿದರೆ ಅದೇ ಅವತ್ತಿನ ಭಾಷಣ.

ಅತ್ತೆ ಅವರಿಂದ ಶುಕ್ರವಾರದಿಂದ ಭಾನುವಾರದವರೆಗಿನ ಕಥೆಯನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಶುಕ್ರವಾರ ಸಂಜೆ ಅವರು ಟೇಪು ಹಾಕುವ ಯಂತ್ರವನ್ನು ಬಿಚ್ಚಿ, ಒರೆಸಿ, ನಿಮಿಷ ತೋರಿಸುವ ಅಂಕಿಯನ್ನು ಸೊನ್ನೆಗೆ ತಂದು, ಮೇಲೆ ಬಟ್ಟೆ ಹೊದಿಸಿದ್ದರು. ಆ ರಾತ್ರಿ ಯಾರೂ ಮೆಟ್ಟಿಲು ಹತ್ತಲಿಲ್ಲ. ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಶಾಲೆಯ ದೊಡ್ಡ ಗಡಿಯಾರ ರಿಪೇರಿಗೆ ಹೋಗಿ, ಹನ್ನೆರಡಕ್ಕೆ ಬಂದರು. ಆಮೇಲೆ ಭಾನುವಾರ ಮಧ್ಯಾಹ್ನದವರೆಗೆ ಮೆಟ್ಟಿಲ ಬುಡ ಬಿಟ್ಟು ಕದಲಲಿಲ್ಲ, ಯಾರೂ ಹತ್ತಲಿಲ್ಲ. ಕೋಣೆಯ ಬೀಗದಕೈ ಇದ್ದದ್ದು ನಾಲ್ವರ ಹತ್ತಿರ ಮಾತ್ರ. ಟೇಪುಗಳಿದ್ದ ಬೀರುವಿನ ಕೈ ಕೋಣೆಯೊಳಗೇ ಮೊಳೆಗೆ ನೇತುಹಾಕಿತ್ತು.

ಅಲ್ಲಿಗೆ ಸಮಯ ಶನಿವಾರ ಒಂಬತ್ತರಿಂದ ಹನ್ನೆರಡು. ಡಾಕ್ಟರು ಹಲ್ಲುಗಳ ನಡುವೆ, ಗಡಿಯಾರದವರು ಶಾಲೆಯಲ್ಲಿ. ಶಾಲೆಗೆ ಫೋನು ಮಾಡಿ ಅತ್ತೆ ಅದನ್ನೂ ಖಚಿತ ಮಾಡಿಕೊಂಡಿದ್ದರು. ಇನ್ನುಳಿದವರು ಇಬ್ಬರು. ಒಬ್ಬರು ತಾವೇ. ತಾವು ಕದ್ದಿಲ್ಲವೆಂಬುದು ಅತ್ತೆಗೆ ಹೆಚ್ಚುಕಡಿಮೆ ಗೊತ್ತಿತ್ತು.

ಮೇಲೆ ಹೋಗಿ ಯಂತ್ರದ ಮುಂದೆ ಕೂತರು. ಎರಡು ಸಂಗತಿ ನಿನ್ನೆಯಿಂದ ಗಂಟಲಿಗೆ ಸಿಕ್ಕ ಮುಳ್ಳಿನ ಹಾಗೆ ಕಾಡುತ್ತಿದ್ದವು.

ಮೊದಲನೆಯದು ಬಟ್ಟೆ. ಗಡಿಯಾರದವರು ಬಟ್ಟೆಯನ್ನು ಸುಮ್ಮನೆ ಎಳೆದು ಹೊದಿಸುವವರು. ಭಾನುವಾರ ಅದು ಮೂರು ಸಮ ಮಡಿಕೆಯಾಗಿ, ಅಂಚಿಗೆ ಅಂಚು ಕೂಡಿಸಿ ಇಟ್ಟಂತಿತ್ತು.

ಎರಡನೆಯದು ಅಂಕಿ. ಹೊಸ ಟೇಪು ಒಳಗೆ ಹೋಗುವ ತನಕ ಹಳೆಯ ಅಂಕಿ ಯಂತ್ರದ ಮುಖದ ಮೇಲೆ ಹಾಗೇ ಕೂತಿರುತ್ತದೆ. ಭಾನುವಾರ ಟೇಪು ಹಾಕುವ ಮುಂಚೆ, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಹಳೇ ಚಾಳಿಯಿಂದ ಅತ್ತೆ ಅದನ್ನು ಓದಿದ್ದರು: ಮೂವತ್ತೆಂಟು.

ಕಂತಿನ ಉದ್ದ ಐವತ್ತು ನಿಮಿಷ. ಹಾಗಾದರೆ ಶನಿವಾರ ಯಾರೋ ಕೂತು ಮೂವತ್ತೆಂಟು ನಿಮಿಷ ನೋಡಿದ್ದಾರೆ, ಅಲ್ಲಿಗೆ ನಿಲ್ಲಿಸಿ ಟೇಪು ಹೊರಗೆ ತೆಗೆದಿದ್ದಾರೆ. ನಲವತ್ತು ವರ್ಷ ಕಾದ ಕಂತು. ಕೊಲೆಗಾರ ಬಯಲಾಗುವ ಕೊನೆಯ ಹನ್ನೆರಡು ನಿಮಿಷವನ್ನು ಬಿಟ್ಟು ಎದ್ದು ಹೋಗುವವರು ಯಾರು? ಊಟಕ್ಕೆ ಕೂತು ಅನ್ನ ಬಡಿಸುವಾಗ ಕೈ ತೊಳೆಯುವವರುಂಟೇ?

ಒಂದೇ ಉತ್ತರ ಹೊಳೆಯಿತು. ಮುಂದೆ ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಅತ್ತೆ ನಿಟ್ಟುಸಿರು ಬಿಟ್ಟು ಮೆಟ್ಟಿಲಿಳಿದರು. ಮೂವತ್ತು ವರ್ಷದ ಗೆಳತಿಯ ಮನೆಗೆ ಪತ್ತೇದಾರಳಾಗಿ ಹೋಗುವುದು ಯಾರಿಗೆ ಬೇಕು.

ಟೀಚರ ಮನೆಯ ಮುಂದಿನ ಕೋಣೆಯಲ್ಲಿ ಬೆಳಕು ಧಾರಾಳ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ಗಟ್ಟಿಯಿಂದ ಮೆತ್ತಗಿನದರವರೆಗೆ ಸಾಲಾಗಿ ಚೂಪು ಮಾಡಿಟ್ಟ ಪೆನ್ಸಿಲ್ಲುಗಳು. ಗೋಡೆಯ ತುಂಬ ಹಕ್ಕಿಗಳು. ಟೀಚರು ಟೀ ಸೋಸುತ್ತಿದ್ದರು. ಪಾತ್ರೆ ಹಿಡಿಯುವ ಬಟ್ಟೆ ಒಲೆಯ ಪಕ್ಕದಲ್ಲಿ ಮೂರು ಸಮ ಮಡಿಕೆಯಾಗಿ ಕೂತಿತ್ತು.

ಇಬ್ಬರೂ ಟೀ ಕುಡಿದರು. ಬಿಸ್ಕತ್ತು ಮೆತ್ತಗಾಗಿದೆ ಎಂದು ಟೀಚರು ಹೇಳಿದರು, ಪರವಾಗಿಲ್ಲ ಎಂದು ಅತ್ತೆ ಹೇಳಿದರು.

"ಮೂವತ್ತೆಂಟನೇ ನಿಮಿಷದಲ್ಲಿ ಏನಿದೆ, ಟೀಚರೇ?" ಎಂದರು ಅತ್ತೆ.

ಟೀಚರು ಲೋಟ ಕೆಳಗಿಟ್ಟರು. ಇಡುವಾಗ ಸದ್ದಾಯಿತು.

"ಮಿಂಚುಳ್ಳಿ," ಎಂದರು.

ಒಳಗೆ ಹೋಗಿ, ಕಾಗದದ ಕಟ್ಟುಗಳ ಕೆಳಗಿನಿಂದ ಟೇಪು ತಂದು ಮೇಜಿನ ಮೇಲಿಟ್ಟರು. ಆಮೇಲೆ ಹೇಳುತ್ತಾ ಹೋದರು. ಅವರ ಯಜಮಾನರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಹದಿಮೂರನೇ ಕಂತು ಬಂದ ವಾರದಲ್ಲೇ ಒಂದು ದಿನ ಅವರು ಟೇಪು ಹಾಕಿ ಮತ್ತೆ ನೋಡುತ್ತಿದ್ದಾಗ ಕೆಲಸಕ್ಕೆ ಕರೆ ಬಂತು. ಅರ್ಧಕ್ಕೇ ನಿಲ್ಲಿಸಿ ಎದ್ದು ಹೋದರು. ಆ ಸಂಜೆ ಟಿ.ವಿ.ಯಲ್ಲಿ ಹಕ್ಕಿಗಳ ಮೇಲೊಂದು ಕಾರ್ಯಕ್ರಮ ಬಂತು. ನಾಳೆ ಮಕ್ಕಳಿಗೆ ಬಿಡಿಸಿ ತೋರಿಸಲು ಬೇಕಾಗುತ್ತದೆಂದು ಟೀಚರು ಕೆಂಪು ಗುಂಡಿ ಒತ್ತಿದರು. ಒಳಗೆ ಯಾವ ಟೇಪಿದೆ ಎಂದು ನೋಡಲಿಲ್ಲ. ಹನ್ನೆರಡು ನಿಮಿಷ ಮಿಂಚುಳ್ಳಿ ರೆಕಾರ್ಡ್ ಆಯಿತು.

"ನಂಗೆ ಗೊತ್ತೇ ಇರಲಿಲ್ಲ ಅತ್ತೆ. ಆ ಟೇಪನ್ನ ಅವ್ರು ಯಾರ ಕೈಗೂ ಕೊಡ್ತಿರಲಿಲ್ಲ, ನನ್ನ ಕೈಗೂ. ಊರವ್ರೆಲ್ಲ ಬಂದು ಕೇಳಿದ್ರು. ಕೊಡಲ್ಲ ಅಂದ್ರೆ ಕೊಡಲ್ಲ. ಟೇಪ್ ಜಿಪುಣ ಅಂತ ಹೆಸರಿಟ್ರು. ನಾನೂ ಒಂದು ಸಲ ಜಗಳ ಆಡಿದ್ದೆ, ಒಂದು ಟೇಪಿಗೆ ಇಷ್ಟು ಸಣ್ಣತನ ಯಾಕೆ ಅಂತ."

ಎರಡು ವರ್ಷದ ಹಿಂದೆ ಯಜಮಾನರು ತೀರಿಕೊಂಡರು. ಟೇಪು ಡಬ್ಬದ ಸಮೇತ ಸಂಘದ ಬೀರುವಿಗೆ ಬಂತು. ಶನಿವಾರ ಬೆಳಗ್ಗೆ, ಎಲ್ಲರ ಜೊತೆ ನೋಡುವ ಮುಂಚೆ ಅವರ ನೆನಪಿನಲ್ಲಿ ಒಬ್ಬಳೇ ಒಮ್ಮೆ ನೋಡೋಣ ಎನಿಸಿ ಟೀಚರು ಕೋಣೆಗೆ ಹೋದರು. ಮೂವತ್ತೆಂಟನೇ ನಿಮಿಷಕ್ಕೆ ಇನ್‌ಸ್ಪೆಕ್ಟರು ಬಾಯಿ ತೆರೆದರು, ನೀರಿಗೆ ಹಕ್ಕಿ ಧುಮುಕಿತು.

"ಇಲ್ಲಿ ನೋಡಿ," ಎಂದು ಟೀಚರು ಟೇಪಿನ ಹಿಂಬದಿ ತಿರುಗಿಸಿದರು.

ಅಲ್ಲೊಂದು ಚಿಕ್ಕ ಪ್ಲಾಸ್ಟಿಕ್ ತುಂಡನ್ನು ಮುರಿದು ತೆಗೆದಿತ್ತು. ಅದನ್ನು ಮುರಿದರೆ ಟೇಪಿನ ಮೇಲೆ ಮತ್ತೆ ಬೇರೇನೂ ರೆಕಾರ್ಡ್ ಮಾಡಲು ಬರುವುದಿಲ್ಲ. ಡಬ್ಬದ ಹೊರಗೆ ‘ಹದಿಮೂರು’ ಎಂದಷ್ಟೇ ಇತ್ತು. ಟೇಪಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಯಜಮಾನರ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ‘ಕಂತು ೧೩. ೩೮ನೇ ನಿಮಿಷದಿಂದ ಅವಳ ಮಿಂಚುಳ್ಳಿ.’

ಅತ್ತೆ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೊಮ್ಮೆ ಓದಿದರು. ತಿದ್ದಲು ಏನೂ ಇರಲಿಲ್ಲ.

"ಗೊತ್ತಿತ್ತು ಅವ್ರಿಗೆ," ಟೀಚರು ಮೆಲ್ಲಗೆ ಹೇಳಿದರು. "ಒಂದು ಮಾತು ಆಡಲಿಲ್ಲ. ಕೊಟ್ರೆ ನನ್ನ ತಪ್ಪು ಊರಿಗೆ ಗೊತ್ತಾಗುತ್ತೆ ಅಂತ, ಜಿಪುಣ ಅನ್ನಿಸಿಕೊಂಡೇ ಬದುಕಿಬಿಟ್ರು. ಹಕ್ಕಿ ಅಳಿಸಬಾರದು ಅಂತ ಬೇರೆ ತುಂಡು ಮುರಿದಿಟ್ಟಿದ್ದಾರೆ. ಇದನ್ನ ನಿಮ್ಮೆಲ್ಲರ ಮುಂದೆ ಹೇಗೆ ಹಾಕಲಿ? ನಂಗೆ ನಾಚಿಕೆ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಒಂದೆರಡು ದಿನ ಇದು ನನ್ನ ಹತ್ತಿರ ಮಾತ್ರ ಇರಲಿ ಅನ್ನಿಸ್ತು."

ಅಳುತ್ತಿದ್ದಾರೆಂದು ಅತ್ತೆ ಅಂದುಕೊಂಡರು. ನೋಡಿದರೆ ಟೀಚರು ನಗುತ್ತಿದ್ದರು. ಕಣ್ಣಲ್ಲಿ ನೀರಿತ್ತು, ಅದು ಬೇರೆ ಮಾತು.

ಅತ್ತೆಗೆ ಬೈಯಲು ಬಾಯಿ ಬರಲಿಲ್ಲ. ಎರಡು ದಿನ ಇಟ್ಟುಕೊಂಡದ್ದಾಯಿತಲ್ಲ, ಇವತ್ತು ಐದು ಗಂಟೆಗೆ ಎಲ್ಲರೂ ಸೇರಿ ಮೂವತ್ತೆಂಟು ನಿಮಿಷ ನೋಡೋಣ, ಉಳಿದ ಹನ್ನೆರಡಕ್ಕೆ ನಮ್ಮ ಡಾಕ್ಟರಿದ್ದಾರೆ ಎಂದರು.

ಹಾಗೇ ಆಯಿತು. ಐದು ಗಂಟೆಯ ಬಿಸಿಲು ಮಹಡಿಯ ಕಿಟಕಿಯಲ್ಲಿ ಓರೆಯಾಗಿ ಬಿದ್ದಿತ್ತು. ಪರದೆ ಎಳೆದು ನಾಲ್ವರೂ ಕೂತರು. ಟೀಚರು ನಿಂತುಕೊಂಡು ಎಲ್ಲವನ್ನೂ ತಾವೇ ಹೇಳಿದರು. ಗಡಿಯಾರದವರು ಎದ್ದು ಬಂದು ಆ ಚೀಟಿಯನ್ನು ಮಸೂರವಿಟ್ಟು ಓದಿ, ಟೀಚರಿಗೆ ಒಳ್ಳೆಯ ಕುರ್ಚಿಯನ್ನು ಬಿಟ್ಟುಕೊಟ್ಟರು.

ಲಿಫ್ಟಿನ ಕಂಬಿಬಾಗಿಲು ಸರಿಯುವ ಸದ್ದಿನೊಂದಿಗೆ ಶುರುವಾಗುವ ಆ ಸಂಗೀತ ಬಂದದ್ದೇ ತಡ, ಅತ್ತೆಯ ತೋಳಿನ ರೋಮ ಎದ್ದು ನಿಂತಿತು. ನಲವತ್ತು ವರ್ಷದ ಹಿಂದೆ ಇದೇ ಸದ್ದಿಗೆ ಪ್ರೆಸ್ಸಿನಿಂದ ಓಡೋಡಿ ಬಂದು, ಚಪ್ಪಲಿ ಬಿಡುವ ಪುರಸೊತ್ತಿಲ್ಲದೆ ಅಕ್ಕನ ಮನೆಯ ಬಾಗಿಲಲ್ಲೇ ನಿಂತು ನೋಡಿದ್ದರು. ಆಗ ಕಂಡಿರದ ಎಷ್ಟೋ ಈಗ ಕಂಡಿತು. ಮನೆಮಾಲೀಕಳಾದ ನಟಿ ಎದುರಿನವರ ಮಾತು ಕೇಳುವಾಗ ಸೆರಗಿನ ತುದಿಯನ್ನು ಸುತ್ತಿ ಬಿಡುತ್ತಿದ್ದ ರೀತಿ. ಗೋಡೆಯ ಬಣ್ಣ ಕಿತ್ತ ಜಾಗದಲ್ಲಿ ಸೆಟ್ಟಿನ ಪ್ಲೈವುಡ್ಡು ಇಣುಕುತ್ತಿದ್ದದ್ದು. ಸೆಟ್ಟು ಎಂದು ಗೊತ್ತಾದರೂ ಭಯ ಹೋಗಲಿಲ್ಲ. ಅದೇ ಚಂದ.

ಮೂವತ್ತೆಂಟನೇ ನಿಮಿಷಕ್ಕೆ ಇನ್‌ಸ್ಪೆಕ್ಟರು ಬಾಯಿ ತೆರೆದರು, ಹಕ್ಕಿ ನೀರಿಗೆ ಬಿತ್ತು.

ಡಾಕ್ಟರು ಪೆಪ್ಪರಮೆಂಟು ಉಗುಳಿ ಎದ್ದು ನಿಂತರು. ಪರದೆಯ ಮೇಲೆ ಮಿಂಚುಳ್ಳಿ ಕೊಂಬೆಯಿಂದ ಕೊಂಬೆಗೆ ಹಾರುತ್ತಿದ್ದರೆ, ಇತ್ತ ಡಾಕ್ಟರು ಇನ್‌ಸ್ಪೆಕ್ಟರಾದರು, ಮನೆಮಾಲೀಕಳಾದರು, ಐದನೇ ಮಹಡಿಯ ಪಿಟೀಲು ಮೇಷ್ಟ್ರಾದರು. ಕೊಲೆಗಾರ ಪಿಟೀಲು ಮೇಷ್ಟ್ರು ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ಆದರೂ ಡಾಕ್ಟರು ಇಲ್ಲದ ಕಮಾನು ಕೆಳಗಿಟ್ಟು ಕೈ ಮುಂದೆ ಚಾಚಿದಾಗ ಅತ್ತೆಯ ಎದೆ ಧಸಕ್ಕೆಂದಿತು. ಅದೇ ಕ್ಷಣ ಹಕ್ಕಿ ಮೀನು ಹಿಡಿದುಕೊಂಡು ಮೇಲೆ ಬಂತು. ಟೀಚರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ಚೆನ್ನಾಗಿ ಆ ಕಂತು ಮೊದಲ ಸಲವೂ ಇರಲಿಲ್ಲ ಎಂದು ಅತ್ತೆ ಸತ್ಯವಾಗಿಯೂ ಅಂದುಕೊಂಡರು.

ನಗು ಇಳಿದ ಮೇಲೆ ಟೀಚರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, ಆ ಖಾಲಿ ಟೇಪು ಯಾರದು, ಅವರಿಗೆ ವಾಪಸು ಕೊಡಬೇಡವೇ ಎಂದು ಕೇಳಿದರು.

ಡಬ್ಬ ಹಗುರಾಗಬಾರದೆಂದು ಅದನ್ನು ಇಟ್ಟವರು ನೀವೇ ಅಲ್ಲವೇ ಎಂದರು ಅತ್ತೆ.

"ನಾನಾ? ನಾನು ಖಾಲಿ ಡಬ್ಬ ಮುಚ್ಚಿಟ್ಟು ಬಂದೆ ಅತ್ತೆ. ಹತ್ತು ಗಂಟೆಗೇ ಹೊರಟುಬಿಟ್ಟೆ."

ಪುಸ್ತಕ ಅಚ್ಚಾಗಿ, ಹೊಲಿಗೆ ಬಿದ್ದು ಬಂದ ಮೇಲೆ ಮುಖಪುಟದಲ್ಲೇ ತಪ್ಪು ಕಂಡರೆ ಹೇಗಾಗುತ್ತದೋ ಹಾಗಾಯಿತು ಅತ್ತೆಗೆ. ತೆಗೆದವರು ಒಬ್ಬರು, ಇಟ್ಟವರು ಇನ್ನೊಬ್ಬರು ಎಂದು ಅವರ ತಲೆಗೆ ಹೊಳೆದೇ ಇರಲಿಲ್ಲ. ಹತ್ತರಿಂದ ಹನ್ನೆರಡರ ನಡುವೆ ಇನ್ಯಾರೋ ಈ ಕೋಣೆಗೆ ಬಂದು, ಬೀರು ತೆರೆದು, ಸರಿಯಾಗಿ ಅದೇ ಡಬ್ಬದೊಳಗೆ ಒಂದು ಟೇಪು ಇಟ್ಟು ಹೋಗಿದ್ದಾರೆ. ಭಾನುವಾರ ಎಲ್ಲರೂ ಅದನ್ನೇ ತೆರೆಯುತ್ತಾರೆಂದು ಗೊತ್ತಿದ್ದವರು.

ಅತ್ತೆ ಆ ಟೇಪನ್ನು ಯಂತ್ರಕ್ಕೆ ಹಾಕಿದರು. ಇರುವೆಗಳು. ಮೂರು ನಿಮಿಷ, ಐದು, ಒಂಬತ್ತು. ಸಾಕು ಬಿಡಿ ಎಂದರು ಡಾಕ್ಟರು. ಖಾಲಿ ಹಾಳೆಯನ್ನೂ ಕೊನೆಯವರೆಗೆ ತಿರುಗಿಸದೇ ಇದ್ದಿದ್ದರೆ ತಮ್ಮನ್ನು ಮೂವತ್ತೊಂದು ವರ್ಷ ಯಾರೂ ಕೆಲಸದಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ ಎಂದು ಅತ್ತೆ ಕೂತೇ ಇದ್ದರು.

ಹನ್ನೆರಡನೇ ನಿಮಿಷಕ್ಕೆ ಇರುವೆಗಳು ಚದುರಿದವು.

ಲಿಫ್ಟಿನ ಕಂಬಿಬಾಗಿಲು. ಇಷ್ಟು ಸ್ವಚ್ಛವಾದ ಚಿತ್ರವನ್ನು ಅವರು ಯಾವ ಕಂತಿನಲ್ಲೂ ಕಂಡಿರಲಿಲ್ಲ. ಇದು ಮನೆಯಲ್ಲಿ ರೆಕಾರ್ಡ್ ಮಾಡಿದ್ದಲ್ಲ. ಇನ್‌ಸ್ಪೆಕ್ಟರು ಬಾಗಿಲ ಮುಂದೆ ಬಂದು ನಿಂತರು. "ಪಿಟೀಲು ಮೇಷ್ಟ್ರು ಕೊಲೆ ಮಾಡಿಲ್ಲ," ಎಂದರು.

ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದರು. ಆ ಮಾತು ಅವರ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಯಾರ ನೋಟ್‌ಬುಕ್ಕಿನಲ್ಲೂ ಇರಲು ಸಾಧ್ಯವಿರಲಿಲ್ಲ, ಈ ಮುಕ್ತಾಯ ಟಿ.ವಿ.ಯಲ್ಲಿ ಬಂದೇ ಇರಲಿಲ್ಲ.

"ಹೊರಗೆ ಬಾ," ಎಂದರು ಇನ್‌ಸ್ಪೆಕ್ಟರು ಕತ್ತಲೆಗೆ.

ಕಂಬಿಗಳ ನಡುವೆ ಎರಡು ಕೈ ಕಾಣಿಸಿದವು. ನಾಲ್ವರಿಗೂ ಗೊತ್ತಿದ್ದ ಕೈ. ಲಿಫ್ಟು ರಿಪೇರಿಯವನನ್ನು ಧಾರಾವಾಹಿಯುದ್ದಕ್ಕೂ ಬರೀ ಕೈಯಾಗಿಯೇ ತೋರಿಸಿದ್ದರು. ಮುಖ ಯಾರದೆಂದು ಅಭಿಮಾನಿಗಳು ಇವತ್ತಿಗೂ ಕಿತ್ತಾಡುತ್ತಾರೆ. ಕೈಗಳು ಬಾಗಿಲನ್ನು ಸರಿಸಿದವು. ಇಪ್ಪತ್ತು ದಾಟಿದ ಒಬ್ಬ ಸಣಕಲು ಹುಡುಗ ಬೆಳಕಿಗೆ ಬಂದು ನಿಂತ.

ಅತ್ತೆ ಆ ಮುಖವನ್ನು ಒಂದು ಸಲ ಓದಿದರು, ಎರಡು ಸಲ ಓದಿದರು. ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗಿದರು.

ಗಡಿಯಾರದವರು ಎರಡು ಕೈಯನ್ನೂ ಮೊಣಕಾಲ ಮೇಲೆ ಚಾಚಿಕೊಂಡು ಕೂತಿದ್ದರು. ಓಡಲಿಲ್ಲ, ತಲೆ ತಗ್ಗಿಸಲಿಲ್ಲ. ಪರದೆಯ ಬೆಳಕು ಮುಖದ ಮೇಲೆ ಅಲುಗುತ್ತಿತ್ತು.

"ಹೌದು, ಇದ್ರಲ್ಲಿ ಕೊಲೆ ಮಾಡಿದ್ದು ನಾನೇ," ಎಂದರು. "ಆದ್ರೆ ಈ ಟೇಪನ್ನ ಇಲ್ಲಿಗೆ ತಂದಿದ್ದು ನಾನಲ್ಲ, ಅತ್ತೆ. ಇದನ್ನ ನಲವತ್ತು ವರ್ಷದ ಹಿಂದೆ ಟಿ.ವಿ. ಕೇಂದ್ರದವ್ರು ನನ್ನ ಕಣ್ಣೆದುರಿಗೇ ಸುಟ್ಟಿದ್ರು."